ಬ್ರಹ್ಮದೇಶದ ಉರಿ ಮತ್ತು ನಮ್ಮ ಪರರಾಷ್ಟ್ರ ನೀತಿ

ನೆರೆಹೊರೆಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವು ಗೃಹಸ್ಥನಿಗೂ ಇಲ್ಲ, ರಾಷ್ಟ್ರಕ್ಕೂ ಇಲ್ಲ. ನೆರೆಮನೆಗೆ ಬೆಂಕಿ ಬಿದ್ದಾಗ ಅದು ಅವರ ಮನೆಯ ಮಾತೆಂದು ಕದವಿಕ್ಕಿಕೊಂಡು ಮಲಗುವ ಸ್ವಾತಂತ್ರ್ಯವೂ ಇಬ್ಬರಿಗಿಲ್ಲ. ಗಾಳಿಯು ಯಾವ ಕಡೆಗೆ ತಿರುಗೀತೆಂಬುದನ್ನು ಬಲ್ಲವರಾರು? ನಮ್ಮ ಪೂರ್ವದ ನೆರೆಯಾದ ಬ್ರಹ್ಮದೇಶಕ್ಕೆ 2021ನೆಯ ಇಸವಿಯ ಫೆಬ್ರವರಿ 1ರಂದು ಬೆಂಕಿ ಬಿದ್ದಿತು. 1989ರಲ್ಲಿ ಅಲ್ಲಿಯ ದಳಪತಿಗಳು ಆ ದೇಶಕ್ಕೆ ಮ್ಯಾನ್ಮಾರ್ ಎಂಬ ಹೆಸರನ್ನಿಟ್ಟರು. ನಾವು ಇಲ್ಲಿ ನಮ್ಮ ಹಿರಿಯರ ಬಾಯಲ್ಲಿ ನೆಲೆನಿಂತ ಹಳೆಯ ಹೆಸರನ್ನೇ ಬಳಸುವೆವು.

ನಡೆದುದೇನೆಂಬುದನ್ನು ವಾಚಕರಿಗೆ ಸಂಕ್ಷೇಪವಾಗಿ ನೆನಪಿಸಿದರೆ ಸಾಕು. 2020ರ ನವೆಂಬರ್ ತಿಂಗಳಲ್ಲಿ ನಡೆದ ಚುನಾವಣೆಯಲ್ಲಿ ಶ್ರೀಮತಿ ಆಂಗ್ ಸಾನ್ ಸೂ ಕಿಯವರ ಪಕ್ಷವು ಭಾರಿ ಬಹುಮತದಿಂದ ಗೆದ್ದಿತು. ಹೊಸ ಶಾಸನಸಭೆಯು ಸೇರಬೇಕಾಗಿದ್ದ ದಿವಸವೇ ಸೇನಾಪತಿ ಮಿನ್ ಆಂಗ್ ಲೈಂಗರು ಆಕೆಯನ್ನೂ ಮಂತ್ರಿಗಳನ್ನೂ ಬಂಧಿಸಿ ಅಧಿಕಾರವನ್ನು ತಮ್ಮ ಕೈಗೆ ತೆಗೆದುಕೊಂಡರು. ಬರಿಗೈಯಿಂದ ಬೀದಿಗಿಳಿದ ಪ್ರಜೆಗಳ ಮೇಲೆ ಗುಂಡು ಹಾರಿತು. ವಿದ್ಯಾರ್ಥಿಗಳೂ ಉಪಾಧ್ಯಾಯರೂ ವೈದ್ಯರೂ ಕಾಡು ಸೇರಿದರು. ಚುನಾಯಿತ ಪ್ರತಿನಿಧಿಗಳು ಏಪ್ರಿಲ್ ತಿಂಗಳಲ್ಲಿ ರಾಷ್ಟ್ರೀಯ ಐಕ್ಯ ಸರಕಾರವೆಂಬ ಪ್ರತಿಸರಕಾರವನ್ನು ಕಟ್ಟಿದರು. ಅಂದಿನಿಂದ ಮನೆಮಾರುಗಳನ್ನು ಕಳೆದುಕೊಂಡು ಸ್ವದೇಶದಲ್ಲಿಯೇ ಪರದೇಶಿಗಳಾದವರ ಸಂಖ್ಯೆಯು 30 ಲಕ್ಷವನ್ನು ಮೀರಿತು. 2023ರ ಏಪ್ರಿಲ್ 11ರಂದು ಸಗಾಯಿಂಗ್ ಪ್ರಾಂತದ ಪಾಜಿಗ್ಯಿ ಎಂಬ ಹಳ್ಳಿಯಲ್ಲಿ ನೆರೆದಿದ್ದ ಜನರ ಮೇಲೆ ಸೇನೆಯ ವಿಮಾನಗಳು ಬಾಂಬು ಸುರಿದಾಗ ನೂರೈವತ್ತಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಹೆಂಗಸರೂ ಮಕ್ಕಳೂ ಇದ್ದರು. ಆ ಸಗಾಯಿಂಗ್ ಪ್ರಾಂತದ ಗಡಿಯು ನಮ್ಮ ಮಣಿಪುರದ ಮತ್ತು ನಾಗಾಲ್ಯಾಂಡಿನ ಗಡಿಯೇ ಆಗಿದೆ.

ಇಂತಹ ನೆರೆಯ ವಿಷಯದಲ್ಲಿ ದಿಲ್ಲಿಯ ಸರಕಾರವು ಹಿಡಿದ ದಾರಿಯು, ಸೌಮ್ಯವಾಗಿ ಹೇಳುವುದಾದರೆ, ಕಣ್ಣುಮುಚ್ಚಿ ನಡೆಯುವ ದಾರಿಯಾಗಿದೆ. ರಾಜಧಾನಿಯಾದ ನೇಪಿಡಾವಿನಲ್ಲಿ ಯಾರು ಕುಳಿತಿರುವರೋ ಅವರೇ ದೇಶ, ಅವರೊಡನೆ ಮಾತನಾಡಿದರೆ ದೇಶದೊಡನೆ ಮಾತನಾಡಿದಂತೆ ಎಂಬ ನಂಬಿಕೆಯ ಮೇಲೆ ಆ ನೀತಿಯು ನಿಂತಿದೆ. ಆ ನಂಬಿಕೆಯು ಸುಳ್ಳಾಯಿತೆಂಬುದೇ ನಮ್ಮ ಈ ಲೇಖನದ ಮುಖ್ಯ ಪ್ರತಿಪಾದನೆ. ಧರ್ಮದ ಮಾತು ಹಾಗಿರಲಿ. ಭಾರತದ ಸ್ವಾರ್ಥದ ದೃಷ್ಟಿಯಿಂದ ನೋಡಿದರೂ ಈ ನೀತಿಯನ್ನು ಪುನಃ ಪರಿಶೀಲಿಸದೆ ಗತ್ಯಂತರವಿಲ್ಲ.

ಹಳೆಯ ನಂಟು

ಬ್ರಹ್ಮದೇಶವು ನಮಗೆ ಭೂಪಟದಲ್ಲಿ ಮಾತ್ರ ಕಾಣುವ ದೂರದ ನಾಡಲ್ಲ. 1937ರ ಏಪ್ರಿಲ್ 1ರ ವರೆಗೆ ಅದು ಬ್ರಿಟಿಷ್ ಭಾರತದ ಒಂದು ಪ್ರಾಂತವೇ ಆಗಿದ್ದಿತು. ದಿಲ್ಲಿಯ ಕಡೆಯ ಬಾದಶಹನು ಸೆರೆಯಾಳಾಗಿ ಸತ್ತುದು 1862ರಲ್ಲಿ, ರಂಗೂನಿನಲ್ಲಿ. ಮಂಡಾಲೆಯ ಕಡೆಯ ಅರಸನು ಸೆರೆಯಾಳಾಗಿ ಸತ್ತುದು 1916ರಲ್ಲಿ, ನಮ್ಮ ಪಶ್ಚಿಮ ತೀರದ ರತ್ನಾಗಿರಿಯಲ್ಲಿ. ಎರಡು ನಾಡುಗಳ ದಾಸ್ಯವನ್ನು ಒಂದೇ ಕೈಯು ಬರೆದಿತ್ತೆಂಬುದಕ್ಕೆ ಈ ಎರಡು ಗೋರಿಗಳಿಗಿಂತ ಬೇರೆ ಸಾಕ್ಷ್ಯ ಬೇಕಿಲ್ಲ. ಲೋಕಮಾನ್ಯ ತಿಲಕರು 1908ರಿಂದ 1914ರ ವರೆಗೆ ಶಿಕ್ಷೆಯನ್ನನುಭವಿಸಿ ಗೀತಾರಹಸ್ಯವನ್ನು ಬರೆದುದು ಮಂಡಾಲೆಯ ಸೆರೆಮನೆಯಲ್ಲಿ. ನೇತಾಜಿಯವರ ಆಜಾದ್ ಹಿಂದ್ ಸೇನೆಯು 1944ರಲ್ಲಿ ಮಣಿಪುರದ ಕಡೆಗೆ ಹೆಜ್ಜೆಯಿಟ್ಟುದು ಅದೇ ನೆಲದಿಂದ.

ಇನ್ನೊಂದು ನೆನಪು ಇಷ್ಟು ಉಜ್ವಲವಾದುದಲ್ಲ. ಆದರೆ ಇಂದಿನ ಪ್ರಸಂಗಕ್ಕೆ ಹೆಚ್ಚು ಹತ್ತಿರದ್ದು. 1942ರಲ್ಲಿ ಜಪಾನೀಯರು ಬ್ರಹ್ಮದೇಶವನ್ನು ಹೊಕ್ಕಾಗ ಅಲ್ಲಿ ನೆಲಸಿದ್ದ ಭಾರತೀಯರು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಕಾಡುಬೆಟ್ಟಗಳನ್ನು ಕಾಲ್ನಡಿಗೆಯಿಂದ ದಾಟಿ ಅಸ್ಸಾಮಿಗೂ ಮಣಿಪುರಕ್ಕೂ ಬಂದರು. ದಾರಿಯಲ್ಲಿ ಹಸಿವಿನಿಂದಲೂ ವಿಷಮಜ್ವರದಿಂದಲೂ ಬಿದ್ದವರ ಲೆಕ್ಕವಿಲ್ಲ. ಅಂದು ತಾಮೂ ಎಂಬ ಊರಿನಿಂದ ಇಂಫಾಲಕ್ಕೆ ಬಂದ ದಾರಿಯಲ್ಲಿ ನಡೆದವರು ನಮ್ಮವರು. ಎಂಟು ದಶಕಗಳ ತರುವಾಯ ಅದೇ ಗಡಿಯ ಅವೇ ಬೆಟ್ಟಗಳನ್ನು ದಾಟಿ ಬಂದವರು ಅವರವರು. ದಾರಿಯು ಒಂದೇ, ಹಸಿವೂ ಒಂದೇ.

ತೂಗುಯ್ಯಾಲೆಯ ನೀತಿ

ಸ್ವತಂತ್ರ ಭಾರತದ ಬ್ರಹ್ಮದೇಶ ನೀತಿಯು ಒಂದೇ ತೆರನಾಗಿ ನಡೆದುಬಂದಿಲ್ಲ. ಆ ದೇಶವು 1948ರ ಜನವರಿ 4ರಂದು ಸ್ವತಂತ್ರವಾಯಿತು. ಮರುವರ್ಷವೇ ಕರೆನ್ ಜನರ ದಂಗೆಯಿಂದ ಪ್ರಧಾನಿ ಊ ನೂ ಅವರ ಸರಕಾರವು ರಂಗೂನಿನ ಸುತ್ತಮುತ್ತ ಮಾತ್ರ ಉಳಿದಾಗ, ಪಂಡಿತ ನೆಹರೂರವರು ಆಯುಧಗಳನ್ನೂ ಹಣವನ್ನೂ ಒದಗಿಸಿ ಅದನ್ನೆತ್ತಿ ನಿಲ್ಲಿಸಿದರು. ಅದು ಪ್ರಜೆಗಳು ಒಪ್ಪಿದ ಸರಕಾರವಾಗಿದ್ದಿತೆಂಬುದನ್ನು ಮರೆಯಲಾಗದು. 1962ರ ಮಾರ್ಚಿ 2ರಂದು ಸೇನಾಪತಿ ನೇ ವಿನ್ ಅಧಿಕಾರವನ್ನು ಕಸಿದುಕೊಂಡ ಮೇಲೆ ಭಾರತೀಯ ವರ್ತಕರ ಅಂಗಡಿಗಳು ಸರಕಾರದ ಪಾಲಾದುವು; ತಲೆಮಾರುಗಳಿಂದ ಅಲ್ಲಿ ಬಾಳಿದ್ದ ಲಕ್ಷಾಂತರ ಭಾರತೀಯರು ಬರಿಗೈಯಲ್ಲಿ ಹಡಗು ಹತ್ತಿದರು. ದಿಲ್ಲಿಯು ನಿಟ್ಟುಸಿರು ಬಿಟ್ಟು ಸುಮ್ಮನಾಯಿತು.

1988ರಲ್ಲಿ ಅಲ್ಲಿಯ ವಿದ್ಯಾರ್ಥಿಗಳು ಪ್ರಜಾಪ್ರಭುತ್ವಕ್ಕಾಗಿ ಎದ್ದಾಗ ಭಾರತವು ಅವರ ಪಕ್ಷ ವಹಿಸಿತು, ಓಡಿಬಂದವರಿಗೆ ಆಶ್ರಯವಿತ್ತಿತು. 1993ರ ನೆಹರೂ ಪುರಸ್ಕಾರವನ್ನು ದಿಲ್ಲಿಯ ಕಾಲೇಜಿನಲ್ಲಿ ಓದಿದ ಸೂ ಕಿಯವರಿಗೆ ಸಲ್ಲಿಸಿತು. ಅಷ್ಟರಲ್ಲಿಯೇ ಗಾಳಿಯು ತಿರುಗಿದ್ದಿತು. ಈಶಾನ್ಯದ ದಂಗೆಕೋರರನ್ನು ಹತ್ತಿಕ್ಕಲು ದಳಪತಿಗಳ ನೆರವು ಬೇಕು, ಚೀನದ ಪ್ರಭಾವವನ್ನು ತಡೆಯಲು ಅವರ ಸ್ನೇಹ ಬೇಕು ಎಂಬ ಲೆಕ್ಕವು ಮುಂದಾಯಿತು. 2007ರ ಸೆಪ್ಟೆಂಬರಿನಲ್ಲಿ ಕಾವಿಯುಟ್ಟ ಭಿಕ್ಷುಗಳು ರಂಗೂನಿನ ಬೀದಿಗಳಲ್ಲಿ ಪ್ರತಿಭಟಿಸುತ್ತಿದ್ದ ವೇಳೆಯಲ್ಲಿಯೇ ನಮ್ಮ ಎಣ್ಣೆ ಖಾತೆಯ ಮಂತ್ರಿಗಳು ಅನಿಲಶೋಧನೆಯ ಒಪ್ಪಂದಗಳಿಗಾಗಿ ನೇಪಿಡಾವಿಗೆ ಹೋಗಿದ್ದರು.

ಆ ಲೆಕ್ಕದಿಂದ ಬಂದ ಫಲವೇನು? ಅರಾಕಾನ್ ಕಡಲಿನ ಶ್ವೆ ಅನಿಲಕ್ಷೇತ್ರದಲ್ಲಿ ಭಾರತದ ಸಂಸ್ಥೆಗಳೂ ಪಾಲುದಾರರಾಗಿದ್ದುವು. ಆದರೆ ಅಲ್ಲಿಯ ಅನಿಲವು 2013ರಿಂದ ಕೊಳವೆಯ ಮೂಲಕ ಹರಿದುಹೋದುದು ಚೀನದ ಕುನ್ಮಿಂಗ್ ನಗರದ ಕಡೆಗೆ. ಮಾನವನ್ನು ಕೊಟ್ಟು ಲಾಭವನ್ನು ಕೊಂಡೆವೆಂದು ಹೇಳಿಕೊಳ್ಳುವ ಸಮಾಧಾನವೂ ನಮಗೆ ದೊರೆಯಲಿಲ್ಲ.

2021ರ ತರುವಾಯ ಅದೇ ಹಾಡಿನ ಎರಡನೆಯ ಚರಣವು ಮೊದಲಾಯಿತು. ಆ ವರ್ಷದ ಮಾರ್ಚಿ 27ರಂದು ನೇಪಿಡಾವಿನಲ್ಲಿ ನಡೆದ ಸೇನಾ ದಿನೋತ್ಸವದ ಕವಾಯತಿಗೆ ಪ್ರತಿನಿಧಿಗಳನ್ನು ಕಳುಹಿಸಿದ ಎಂಟು ದೇಶಗಳಲ್ಲಿ ಭಾರತವೂ ಒಂದು. ಅದೇ ದಿವಸ ಆ ದೇಶದ ಊರೂರುಗಳಲ್ಲಿ ಸೇನೆಯ ಗುಂಡಿಗೆ ನೂರಕ್ಕೂ ಹೆಚ್ಚು ಪ್ರಜೆಗಳು ಬಲಿಯಾದರು. ಜೂನ್ 18ರಂದು ಸಂಯುಕ್ತ ರಾಷ್ಟ್ರಸಂಸ್ಥೆಯ ಮಹಾಸಭೆಯಲ್ಲಿ 119 ರಾಷ್ಟ್ರಗಳು ಸೇನೆಯ ಕೃತ್ಯವನ್ನು ಖಂಡಿಸಿ ಮತವಿತ್ತಾಗ ತಟಸ್ಥವಾದ 36ರಲ್ಲಿ ನಾವೂ ಸೇರಿದೆವು. 2022ರ ಡಿಸೆಂಬರ್ 21ರಂದು ಭದ್ರತಾ ಮಂಡಲಿಯಲ್ಲಿ ಇದೇ ವಿಷಯವು ಬಂದಾಗ ತಟಸ್ಥವಾದ ಮೂರು ರಾಷ್ಟ್ರಗಳೆಂದರೆ ಚೀನ, ರಷ್ಯ ಮತ್ತು ಭಾರತ. 2025ರಲ್ಲಿ ನಮ್ಮ ಪ್ರಧಾನ ಮಂತ್ರಿಗಳು ಏಪ್ರಿಲಿನಲ್ಲಿ ಬ್ಯಾಂಕಾಕಿನಲ್ಲಿಯೂ ಆಗಸ್ಟಿನಲ್ಲಿ ಚೀನದ ತಿಯಾನ್‌ಜಿನ್‌ನಲ್ಲಿಯೂ ಮಿನ್ ಆಂಗ್ ಲೈಂಗರನ್ನು ಭೇಟಿಯಾದರು.

ಆಯುಧಗಳ ಮಾತು ಇನ್ನೂ ನೋವಿನದು. ಸಂಯುಕ್ತ ರಾಷ್ಟ್ರಸಂಸ್ಥೆಯ ವಿಶೇಷ ವರದಿಗಾರರು 2023ರ ಮೇ ತಿಂಗಳಲ್ಲಿ ಪ್ರಕಟಿಸಿದ ವರದಿಯ ಮೇರೆಗೆ, ಸೇನಾಕ್ರಾಂತಿಯ ತರುವಾಯ ಭಾರತದಿಂದ ಆ ಸೇನೆಗೆ ಹೋದ ಆಯುಧ ಮತ್ತು ಸಾಮಗ್ರಿಗಳ ಬೆಲೆಯು ಸುಮಾರು 5 ಕೋಟಿ ಡಾಲರು. ರಷ್ಯ ಮತ್ತು ಚೀನದ ಲೆಕ್ಕದ ಮುಂದೆ ಇದು ಅಲ್ಪವೇ ಸರಿ. ಆದರೆ ಕಳುಹಿಸಿದವರಲ್ಲಿ ಸರಕಾರದ ಒಡೆತನದ ಸಂಸ್ಥೆಗಳೂ ಇದ್ದುವು, ಅವುಗಳಲ್ಲೊಂದರ ಕೇಂದ್ರ ಕಚೇರಿಯು ನಮ್ಮ ಬೆಂಗಳೂರಿನಲ್ಲಿಯೇ ಇದೆಯೆಂಬುದನ್ನು ಕನ್ನಡಿಗರು ತಿಳಿದಿರಬೇಕು. ಇವೆಲ್ಲ ಹಿಂದಿನ ಪ್ರಜಾಸರಕಾರದ ಕಾಲದ ಕರಾರುಗಳೆಂಬ ಸಮಾಧಾನವನ್ನು ದಿಲ್ಲಿಯು ನೀಡಿತು. ಕರಾರು ಮಾಡಿಕೊಂಡವನನ್ನು ಸೆರೆಗೆ ತಳ್ಳಿದವನಿಗೆ ಸರಕನ್ನು ಒಪ್ಪಿಸುವುದು ಯಾವ ವ್ಯಾಪಾರಧರ್ಮವೆಂದು ನಾವು ವಿನಯದಿಂದ ಕೇಳುವೆವು.

ಬೀಗದ ಕೈ ಯಾರ ಬಳಿ?

ಧರ್ಮವನ್ನು ಬದಿಗಿಟ್ಟು ಲೆಕ್ಕವನ್ನೇ ನೋಡೋಣ. ಭಾರತಕ್ಕೂ ಬ್ರಹ್ಮದೇಶಕ್ಕೂ ನಡುವೆ 1,643 ಕಿಲೋಮೀಟರು ಉದ್ದದ ಗಡಿಯಿದೆ. ಅರುಣಾಚಲ, ನಾಗಾಲ್ಯಾಂಡ್, ಮಣಿಪುರ, ಮಿಜೋರಾಂ ಎಂಬ ನಾಲ್ಕು ರಾಜ್ಯಗಳು ಅದಕ್ಕೆ ತಾಗಿವೆ. ಆ ಗಡಿಯ ಆಚೆ ನಿಂತವರು ಯಾರು?

2023ರ ಅಕ್ಟೋಬರ್ 27ರಂದು ಮೂರು ಬಂಡುಸೇನೆಗಳು ಒಂದಾಗಿ ಶಾನ್ ಪ್ರಾಂತದಲ್ಲಿ ದಾಳಿಯನ್ನಾರಂಭಿಸಿದ ಮೇಲೆ ಸೇನೆಯ ಠಾಣೆಗಳು ಒಂದರ ಹಿಂದೊಂದು ಬಿದ್ದುವು. ನವೆಂಬರಿನಲ್ಲಿ ಮಿಜೋರಾಮಿನ ಜೋಖಾವ್ತಾರ್ ಎಂಬ ಗಡಿಯೂರಿನ ಎದುರಿಗಿರುವ ಠಾಣೆಗಳನ್ನು ಚಿನ್ ಯೋಧರು ಹಿಡಿದರು. ಸೋತ ಸಿಪಾಯಿಗಳು ನೂರಾರು ಸಂಖ್ಯೆಯಲ್ಲಿ ನಮ್ಮ ನೆಲಕ್ಕೇ ಓಡಿಬಂದು ಆಯುಧಗಳನ್ನು ಒಪ್ಪಿಸಿದರು. ನಮ್ಮವರು ಅವರನ್ನು ಹಂತಹಂತವಾಗಿ ಹಿಂದಕ್ಕೆ ಕಳುಹಿಸಿದರು. ಅವರನ್ನು ಒಯ್ಯಲು 2024ರ ಜನವರಿ 23ರಂದು ಬಂದ ಬ್ರಹ್ಮದೇಶದ ಸೇನಾವಿಮಾನವೊಂದು ಐಜಾಲಿನ ಸಮೀಪದ ಲೆಂಗ್‌ಪುಯಿ ನಿಲ್ದಾಣದಲ್ಲಿ ಓಡುದಾರಿಯಿಂದ ಜಾರಿ ಬಿದ್ದಿತು. ಯಾವ ಸೇನೆಯನ್ನು ನಮ್ಮ ಗಡಿಯ ಕಾವಲುಗಾರನೆಂದು ಭಾವಿಸಿ ಓಲೈಸಿದೆವೋ ಆ ಸೇನೆಯೇ ನಮ್ಮಲ್ಲಿ ಆಶ್ರಯ ಬೇಡುವಂತಾಯಿತು.

ಕಲಾದನ್ ಯೋಜನೆಯ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅವಶ್ಯ. ಈ ನೀತಿಯ ಪೊಳ್ಳುತನವು ಅಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಮತ್ತೆಲ್ಲಿಯೂ ಕಾಣುವುದಿಲ್ಲ. ಈಶಾನ್ಯ ರಾಜ್ಯಗಳನ್ನು ಉಳಿದ ಭಾರತದೊಡನೆ ಕೂಡಿಸುವ ನೆಲದಾರಿಯು ಸಿಲಿಗುಡಿಯ ಬಳಿ 20 ಚಿಲ್ಲರೆ ಕಿಲೋಮೀಟರು ಅಗಲಕ್ಕೆ ಇಳಿಯುವುದೆಂಬುದು ವಾಚಕರಿಗೆ ತಿಳಿದಿದೆ. ಆ ಕುತ್ತಿಗೆಯನ್ನು ಯಾರಾದರೂ ಹಿಸುಕಿದರೆ ಗತಿಯೇನೆಂಬ ಚಿಂತೆಯಿಂದ ಹುಟ್ಟಿದ ಉಪಾಯವೇ ಕಲಾದನ್. ಕಲ್ಕತ್ತೆಯಿಂದ ಅರಾಕಾನಿನ ಸಿತ್ವೆ ಬಂದರಕ್ಕೆ ಸಮುದ್ರದ ಮೇಲೆ 539 ಕಿಲೋಮೀಟರು. ಸಿತ್ವೆಯಿಂದ ಕಲಾದನ್ ನದಿಯನ್ನೇರಿ ಪಲೆತ್ವಾ ಎಂಬ ಊರಿಗೆ 158 ಕಿಲೋಮೀಟರು. ಪಲೆತ್ವಾದಿಂದ ಮಿಜೋರಾಮಿನ ಗಡಿಯ ಜೋರಿನ್‌ಪುಯಿಗೆ 109 ಕಿಲೋಮೀಟರಿನ ರಸ್ತೆ. 2008ರಲ್ಲಿ ಕರಾರಾಯಿತು. ಭಾರತದ ಬೊಕ್ಕಸದ ಹಣದಿಂದ ಬಂದರವನ್ನು ಕಟ್ಟಿದೆವು. 2023ರ ಮೇ ತಿಂಗಳಲ್ಲಿ ಕಲ್ಕತ್ತೆಯಿಂದ ಹೋದ ಮೊದಲ ಸರಕಿನ ಹಡಗು ಅಲ್ಲಿ ಲಂಗರು ಹಾಕಿತು.

ಎಂಟೇ ತಿಂಗಳುಗಳಲ್ಲಿ, 2024ರ ಜನವರಿಯಲ್ಲಿ, ಅರಾಕಾನ್ ಸೇನೆಯೆಂಬ ಬಂಡುಪಡೆಯು ಪಲೆತ್ವಾವನ್ನು ಹಿಡಿದುಕೊಂಡಿತು. ಏಪ್ರಿಲಿನಲ್ಲಿ ಸಿತ್ವೆಯ ಭಾರತೀಯ ದೂತಕಚೇರಿಯ ಸಿಬ್ಬಂದಿಯನ್ನು ರಂಗೂನಿಗೆ ಕರೆಯಿಸಿಕೊಳ್ಳಬೇಕಾಯಿತು. ಡಿಸೆಂಬರಿನಲ್ಲಿ ಆನ್ ಎಂಬಲ್ಲಿದ್ದ ಸೇನೆಯ ಪಶ್ಚಿಮ ವಿಭಾಗದ ಮುಖ್ಯ ಠಾಣೆಯೇ ಬಿದ್ದಿತು. 2025ರ ಕೊನೆಯ ಹೊತ್ತಿಗೆ ಅರಾಕಾನಿನ 17 ತಾಲೂಕುಗಳಲ್ಲಿ 14 ಆ ಬಂಡುಪಡೆಯ ವಶದಲ್ಲಿದ್ದುವು. ಬಂದರವಿದ್ದ ಸಿತ್ವೆ ನಗರವು ಮಾತ್ರ ಮುತ್ತಿಗೆಯ ನಡುವೆ ಸೇನೆಯ ಕೈಯಲ್ಲಿ ಉಳಿದಿತ್ತು.

ಅಂದರೆ ಏನಾಯಿತು? ಬಾಗಿಲು ಒಬ್ಬರದು, ಅಂಗಳ ಇನ್ನೊಬ್ಬರದು. ನದಿಯೂ ರಸ್ತೆಯೂ ಯಾರ ಕೈಯಲ್ಲಿವೆಯೋ ಅವರೊಡನೆ ನಮ್ಮ ಸರಕಾರಕ್ಕೆ ಬಹಿರಂಗವಾದ ಮಾತುಕತೆಯಿಲ್ಲ. ಮಾತುಕತೆಯಿರುವವರ ಕೈಯಲ್ಲಿ ನದಿಯೂ ಇಲ್ಲ, ರಸ್ತೆಯೂ ಇಲ್ಲ. ಬೀಗದ ಕೈಯನ್ನು ಕಳೆದುಕೊಂಡವನ ಮನೆಯ ಮುಂದೆ ನಿಂತು ಬಾಗಿಲು ತೆರೆಯೆಂದು ಬೇಡುವುದಕ್ಕೆ ರಾಜಕಾರಣವೆನ್ನುವರೇ?

ತಿಯಾವು ನದಿಯ ಈ ದಡ

ಜೋಖಾವ್ತಾರದ ಬಳಿ ಎರಡು ದೇಶಗಳ ಗಡಿಯೆಂದರೆ ತಿಯಾವು ಎಂಬ ಸಣ್ಣ ನದಿ. ಸತ್ತವರ ಆತ್ಮಗಳು ಹಾದುಹೋಗುವುವೆಂದು ಮಿಜೋ ಜನರ ಪೂರ್ವಿಕರು ನಂಬಿದ್ದ ರಿಹ್ ಸರೋವರವು ಆ ನದಿಯ ಆಚೆ, ಬ್ರಹ್ಮದೇಶದಲ್ಲಿದೆ. ಮಿಜೋ ಮತ್ತು ಚಿನ್ ಜನರು ಒಂದೇ ಬಳ್ಳಿಯ ಕಾಯಿಗಳು. ನಡುವೆ ಗೆರೆಯನ್ನೆಳೆದವರು ಬ್ರಿಟಿಷ್ ಅಧಿಕಾರಿಗಳು. ನಾಗಾಲ್ಯಾಂಡಿನ ಲೋಂಗ್ವಾ ಗ್ರಾಮದಲ್ಲಿ ನಾಯಕನ ಮನೆಯ ನಡುವೆಯೇ ಆ ಗೆರೆಯು ಹಾದುಹೋಗಿದೆ.

2021ರ ಮಾರ್ಚಿಯಲ್ಲಿ ಚಿನ್ ಜನರು ತಿಯಾವು ನದಿಯನ್ನು ದಾಟಿ ಬರತೊಡಗಿದಾಗ ಕೇಂದ್ರದ ಗೃಹಖಾತೆಯು ಅವರನ್ನು ತಡೆಯಬೇಕೆಂದೂ ಬಂದವರನ್ನು ಹಿಂದಕ್ಕೆ ಕಳುಹಿಸಬೇಕೆಂದೂ ಈಶಾನ್ಯದ ರಾಜ್ಯಗಳಿಗೆ ಬರೆಯಿತು. ಮಣಿಪುರದ ಸರಕಾರವು, ಬಂದವರಿಗೆ ಅನ್ನ ಮತ್ತು ವಸತಿಗಾಗಿ ಶಿಬಿರಗಳನ್ನು ತೆರೆಯಕೂಡದೆಂದು ಸುತ್ತೋಲೆ ಹೊರಡಿಸಿ, ಜನರ ಛೀಮಾರಿಗೆ ಗುರಿಯಾಗಿ, ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಂಡಿತು. ಮಿಜೋರಾಮಿನ ಅಂದಿನ ಮುಖ್ಯಮಂತ್ರಿ ಶ್ರೀ ಜೋರಮ್ತಂಗಾ ಅವರಾದರೋ ಈ ಆಜ್ಞೆಯು ತಮ್ಮ ಜನರಿಗೆ ಒಪ್ಪತಕ್ಕದ್ದಲ್ಲವೆಂದು ಪ್ರಧಾನ ಮಂತ್ರಿಗಳಿಗೆ ನೇರವಾಗಿ ಬರೆದರು. ಚಿಕ್ಕ ರಾಜ್ಯ, ಬಡ ರಾಜ್ಯ. ಆದರೂ 30 ಸಾವಿರಕ್ಕೂ ಮಿಕ್ಕಿದ ಜನರಿಗೆ ಇಗರ್ಜಿಗಳೂ ಯುವಕ ಸಂಘಗಳೂ ಗೃಹಸ್ಥರೂ ಅಕ್ಕಿ ಕೂಡಿಸಿ ಆಶ್ರಯವಿತ್ತರು. ದಿಲ್ಲಿಯು ನೋಡುತ್ತಿದ್ದಿತು. ಭಾರತವು 1951ರ ನಿರಾಶ್ರಿತರ ಒಡಂಬಡಿಕೆಗೆ ಸಹಿ ಹಾಕಿಲ್ಲ. ನಿರಾಶ್ರಿತನೆಂದರೆ ಯಾರೆಂದು ಹೇಳುವ ಕಾನೂನೂ ನಮ್ಮಲ್ಲಿಲ್ಲ. ಆದುದರಿಂದ ಪ್ರಾಣ ಉಳಿಸಿಕೊಳ್ಳಲು ಬಂದವನೂ ಅಫೀಮು ಸಾಗಿಸಲು ಬಂದವನೂ ನಮ್ಮ ದಫ್ತರದಲ್ಲಿ ಒಂದೇ ಹೆಸರಿನಿಂದ ದಾಖಲಾಗುತ್ತಾರೆ.

2023ರ ಮೇ 3ರಂದು ಮಣಿಪುರದಲ್ಲಿ ಮೈತೇಯಿ ಮತ್ತು ಕುಕಿ ಜನರ ನಡುವೆ ಹೊತ್ತಿದ ಕಲಹವು ಈ ಪ್ರಶ್ನೆಯನ್ನು ಇನ್ನೂ ಗೋಜಲಾಗಿಸಿತು. ಗಡಿಯ ಎರಡೂ ಬದಿಯ ನಿವಾಸಿಗಳು 16 ಕಿಲೋಮೀಟರುಗಳ ವರೆಗೆ ರಹದಾರಿಯಿಲ್ಲದೆ ಹೋಗಿಬರಬಹುದೆಂಬ ಏರ್ಪಾಡನ್ನು ರದ್ದುಪಡಿಸುವೆವೆಂದು ಕೇಂದ್ರವು 2024ರ ಫೆಬ್ರವರಿಯಲ್ಲಿ ಸಾರಿತು. ಇಡಿಯ ಗಡಿಗೆ ಬೇಲಿ ಹಾಕುವ ನಿರ್ಧಾರವೂ ಆಯಿತು. ಮಿಜೋರಾಂ ಮತ್ತು ನಾಗಾಲ್ಯಾಂಡಿನ ಶಾಸನಸಭೆಗಳು ಕೂಡಲೇ ಇದನ್ನು ವಿರೋಧಿಸಿ ನಿರ್ಣಯ ಮಾಡಿದುವು. ಮಣಿಪುರದಲ್ಲಿ ಮಾತ್ರ ಮೈತೇಯಿ ಜನರು ಬೇಲಿಯೇ ಬೇಕೆಂದರು. ಅವರ ಭಯವು ನಿರಾಧಾರವೆಂದು ನಾವು ಹೇಳುವುದಿಲ್ಲ. ಆದರೆ ಬೇಲಿಯ ಆಚೆ ಯಾರಿದ್ದಾರೆಂಬುದನ್ನು ತಿಳಿಯದೆ, ಅವರೊಡನೆ ಮಾತನಾಡದೆ ಹಾಕಿದ ಬೇಲಿಯು ನಮ್ಮ ಕಣ್ಣಿಗೇ ಕಟ್ಟಿಕೊಂಡ ಬಟ್ಟೆಯಾದೀತು.

ಸರಕಾರದವರ ಸಮಾಧಾನಗಳು

ಎದುರು ಪಕ್ಷದ ವಾದವನ್ನು ನ್ಯಾಯವಾಗಿ ಮಂಡಿಸದೆ ಖಂಡಿಸುವುದು ಪತ್ರಿಕಾಧರ್ಮವಲ್ಲ. ಸರಕಾರದವರು ಮುಖ್ಯವಾಗಿ ಮೂರು ಸಮಾಧಾನಗಳನ್ನು ಹೇಳುವರು.

ಒಂದು: ಈಶಾನ್ಯದ ದಂಗೆಕೋರರು ಬ್ರಹ್ಮದೇಶದ ಕಾಡುಗಳಲ್ಲಿ ಅಡಗಿರುವರು; ಅವರನ್ನು ಹಿಡಿಯಲು ಆ ದೇಶದ ಸೇನೆಯ ಸಹಾಯವು ಬೇಕು. ಇದರಲ್ಲಿ ಸತ್ಯವಿಲ್ಲದಿಲ್ಲ. 2019ರಲ್ಲಿ ಎರಡು ಸೇನೆಗಳೂ ಕೂಡಿ ಕಾರ್ಯಾಚರಣೆ ನಡೆಸಿದ್ದುವು. 2020ರ ಮೇ ತಿಂಗಳಲ್ಲಿ 22 ಮಂದಿ ದಂಗೆಕೋರರನ್ನು ಅವರು ನಮಗೆ ಒಪ್ಪಿಸಿದ್ದರು. ಆದರೆ ಅದು ಸೇನಾಕ್ರಾಂತಿಗೆ ಮುಂಚಿನ ಮಾತು. 2021ರ ನವೆಂಬರ್ 13ರಂದು ಮಣಿಪುರದ ಚುರಾಚಾಂದಪುರ ಜಿಲ್ಲೆಯಲ್ಲಿ ನಮ್ಮ ಕರ್ನಲರೊಬ್ಬರನ್ನೂ ಅವರ ಹೆಂಡತಿಯನ್ನೂ ಎಳೆಯ ಮಗನನ್ನೂ ನಾಲ್ವರು ಯೋಧರನ್ನೂ ಹೊಂಚಿ ಕೊಂದವರು ಅಂಥ ದಂಗೆಕೋರರೇ. ತನ್ನ ಪ್ರಜೆಗಳೊಡನೆ ಕಾದಾಡುತ್ತ ಬಳಲಿದ ಆ ಸೇನೆಯು ಮಣಿಪುರದ ಬಂಡುಕೋರರನ್ನೇ ತನ್ನ ನೆರವಿಗೆ ಬಳಸಿಕೊಂಡಿತೆಂದು ಗಡಿಯಿಂದ ವರದಿಗಳು ಬಂದಿವೆ. ಬೇಲಿಯೇ ಎದ್ದು ಹೊಲ ಮೇಯುವಾಗ ಬೇಲಿಗೆ ಗೊಬ್ಬರ ಹಾಕುವರೇ?

ಎರಡು: ನಾವು ದೂರ ಸರಿದರೆ ಚೀನವು ಹತ್ತಿರ ಸರಿಯುವುದು. ಆದರೆ ಚೀನವು ಏನು ಮಾಡಿತೆಂಬುದನ್ನು ನೋಡಿರಿ. ಅದು ನೇಪಿಡಾವನ್ನು ಮಾತ್ರ ನಂಬಿ ಕೂತಿಲ್ಲ. ಉತ್ತರದ ಬಂಡುಸೇನೆಗಳೊಡನೆ ಅದಕ್ಕೆ ಹಳೆಯ ಬಳಕೆಯಿದೆ. 2024ರ ಜನವರಿಯಲ್ಲಿ ಕುನ್ಮಿಂಗಿನಲ್ಲಿ ಎರಡೂ ಪಕ್ಷಗಳನ್ನು ಕೂರಿಸಿ ಕದನವಿರಾಮ ಮಾಡಿಸಿತು. ಅದೇ ವರ್ಷದ ಆಗಸ್ಟಿನಲ್ಲಿ ಬಂಡುಗಾರರು ಗೆದ್ದುಕೊಂಡ ಲಾಷಿಯೋ ನಗರವನ್ನು 2025ರ ಏಪ್ರಿಲಿನಲ್ಲಿ ಪುನಃ ಸೇನೆಗೆ ಕೊಡಿಸಿತು. ಅದರ ಉದ್ದೇಶಗಳು ಪವಿತ್ರವೆಂದು ನಾವು ಹೇಳುತ್ತಿಲ್ಲ. ಬೀಗದ ಕೈಯಿದ್ದ ಪ್ರತಿಯೊಬ್ಬನೊಡನೆಯೂ ಅದು ಮಾತನಾಡಿತೆಂಬುದನ್ನಷ್ಟೇ ಹೇಳುತ್ತಿದ್ದೇವೆ. ಚೀನಕ್ಕೆ ಹೆದರಿ ನಾವು ಹಿಡಿದ ದಾರಿಯಲ್ಲಿ ಚೀನವೇ ನಡೆಯಲಿಲ್ಲ.

ಮೂರು: ಪರರಾಷ್ಟ್ರದ ಒಳವ್ಯವಹಾರದಲ್ಲಿ ಕೈಹಾಕುವುದು ನಮ್ಮ ತತ್ತ್ವವಲ್ಲ. ಉತ್ತಮ ತತ್ತ್ವವೇ ಸರಿ. ಆದರೆ ಇಬ್ಬರು ಜಗಳವಾಡುವಾಗ ಒಬ್ಬನಿಗೆ ಮಾತ್ರ ಆಯುಧವನ್ನೂ ಆದರವನ್ನೂ ಸಲ್ಲಿಸಿ ನಾನು ತಟಸ್ಥನೆನ್ನುವುದು ಆ ತತ್ತ್ವವನ್ನು ಪಾಲಿಸಿದಂತಾಗದು. 2025ರ ಡಿಸೆಂಬರ್ 28ರಂದು ಮೊದಲಾಗಿ ಹಂತಹಂತವಾಗಿ ಸೇನೆಯವರು ನಡೆಸಿದ ಚುನಾವಣೆಯನ್ನು ತೋರಿಸಿ, ಇನ್ನು ಅಲ್ಲಿ ಪ್ರಜೆಗಳ ಸರಕಾರವೇ ಬಂದಿತೆಂದು ಹೇಳುವವರೂ ಇದ್ದಾರೆ. ಹಿಂದಿನ ಚುನಾವಣೆಯಲ್ಲಿ ಗೆದ್ದ ಪಕ್ಷವನ್ನು 2023ರಲ್ಲಿಯೇ ವಿಸರ್ಜಿಸಿ, ಯುದ್ಧ ನಡೆದಿರುವ ಅನೇಕ ತಾಲೂಕುಗಳಲ್ಲಿ ಮತಪೆಟ್ಟಿಗೆಯನ್ನೇ ಇಡದೆ ಮಾಡಿದ ಚುನಾವಣೆಯಿಂದ ಸಿಂಹಾಸನದ ಮೇಲಿನ ಹೊದಿಕೆಯು ಬದಲಾಗಬಹುದು. ಗಡಿಯ ಬೀಗದ ಕೈಯು ಬದಲಾಗುವುದಿಲ್ಲ.

ಮಾಡತಕ್ಕದ್ದೇನು?

ನೇಪಿಡಾವಿನೊಡನೆ ಸಂಬಂಧವನ್ನು ಕಡಿದುಕೊಳ್ಳಿರೆಂದು ನಾವು ಹೇಳುವುದಿಲ್ಲ. ರಾಯಭಾರಿಯು ಅಲ್ಲಿರಲಿ. ಮಂಡಾಲೆಯ ಸುತ್ತಮುತ್ತ 2025ರ ಮಾರ್ಚಿ 28ರಂದು ಭೂಕಂಪವಾಗಿ 3,000ಕ್ಕೂ ಹೆಚ್ಚು ಜನರು ಸತ್ತಾಗ ನಮ್ಮ ಸೈನ್ಯದ ವೈದ್ಯರು ಅಲ್ಲಿಗೆ ಧಾವಿಸಿ ಆಸ್ಪತ್ರೆಯನ್ನು ತೆರೆದುದು ಭಾರತಕ್ಕೆ ಭೂಷಣವಾದ ಕಾರ್ಯ. ನಮ್ಮ ಬೇಡಿಕೆಯು ಇಷ್ಟೇ: ಒಂದೇ ಬಾಗಿಲನ್ನು ತಟ್ಟುವುದನ್ನು ಬಿಟ್ಟು ಮನೆಯವರೆಲ್ಲರೊಡನೆಯೂ ಮಾತನಾಡಿರಿ.

ಮೊದಲನೆಯದಾಗಿ, ಅರಾಕಾನ್ ಸೇನೆ, ಚಿನ್ ಸಂಘಟನೆಗಳು, ಕಚಿನ್ ಜನರ ಸೇನೆ, ಐಕ್ಯ ಸರಕಾರ ಇವರೆಲ್ಲರೊಡನೆ ಅಧಿಕೃತವಾದ ಮತ್ತು ಎಡೆಬಿಡದ ಸಂಪರ್ಕವು ಇರಬೇಕು. 2024ರಲ್ಲಿ ಇವರಲ್ಲಿ ಕೆಲವರನ್ನು ದಿಲ್ಲಿಯ ಒಂದು ವಿಚಾರಗೋಷ್ಠಿಗೆ ಆಹ್ವಾನಿಸಲಾಗಿದೆಯೆಂಬ ವಾರ್ತೆಯು ಬಂದಾಗ ನಾವು ಸಂತೋಷಪಟ್ಟೆವು. ಗೋಷ್ಠಿಯು ನೀತಿಯಾಗಿ ಬೆಳೆಯಬೇಕು.

ಎರಡನೆಯದಾಗಿ, ಜೋಖಾವ್ತಾರ್ ಮತ್ತು ಜೋರಿನ್‌ಪುಯಿಗಳ ಮೂಲಕ ಅಕ್ಕಿ, ಔಷಧಿ, ಉಪ್ಪುಗಳು ಗಡಿಯಾಚೆಯ ಹಳ್ಳಿಗಳಿಗೆ ನೇರವಾಗಿ ಹೋಗಬೇಕು. ಥಾಯ್ಲೆಂಡ್ ಸರಕಾರವು 2024ರ ಮಾರ್ಚಿಯಲ್ಲಿ ತನ್ನ ಗಡಿಯಿಂದ ಇಂಥ ನೆರವನ್ನು ಕಳುಹಿಸಿ ದಾರಿ ತೋರಿಸಿದೆ. ಭೂಕಂಪದಲ್ಲಿ ಮಾಡಿದುದನ್ನು ಬಾಂಬಿನಿಂದ ಕುಸಿದ ಮನೆಗಳಿಗೂ ಮಾಡಬಹುದು.

ಮೂರನೆಯದಾಗಿ, ವಿಮಾನದಾಳಿಗೆ ಉಪಯೋಗವಾಗುವ ಒಂದು ತಿರುಪು ಮೊಳೆಯೂ ಭಾರತದಿಂದ ಹೋಗಕೂಡದು. ಹಿಂದೆ ಹೋದುದರ ಲೆಕ್ಕವನ್ನು ಪಾರ್ಲಿಮೆಂಟಿನ ಮುಂದಿಡಬೇಕು.

ನಾಲ್ಕನೆಯದಾಗಿ, ನಿರಾಶ್ರಿತರ ವಿಷಯದಲ್ಲಿ ಒಂದು ಸ್ಪಷ್ಟವಾದ ಕಾನೂನು ಬೇಕು. ಯಾರು ಬಂದರು, ಎಲ್ಲಿರುವರು, ಯಾವಾಗ ಹಿಂದಿರುಗುವರು ಎಂಬ ದಾಖಲೆಯಿದ್ದರೆ ಆಶ್ರಯವೂ ನಡೆಯುವುದು, ಕಾವಲೂ ನಡೆಯುವುದು. ಬೇಲಿಯ ಪ್ರಶ್ನೆಯನ್ನು ಗಡಿಯ ನಾಲ್ಕು ರಾಜ್ಯಗಳ ಸರಕಾರಗಳೊಡನೆ ಕುಳಿತು ತೀರ್ಮಾನಿಸಬೇಕು. ದಿಲ್ಲಿಯ ಮೇಜಿನ ಮೇಲೆ ಮಾತ್ರ ಅಲ್ಲ.

ಬಂಡುಗಾರರೆಲ್ಲರೂ ದೇವತೆಗಳೆಂದು ನಾವು ತಿಳಿದಿಲ್ಲ. ಅರಾಕಾನ್ ಸೇನೆಯ ಮೇಲೆ ರೋಹಿಂಗ್ಯಾ ಜನರನ್ನು ಹಿಂಸಿಸಿದ ಆರೋಪವಿದೆ. ಚಿನ್ ಪಂಗಡಗಳು ತಮ್ಮತಮ್ಮಲ್ಲಿಯೇ ಹೊಡೆದಾಡಿವೆ. 2023ರಲ್ಲಿ ಬ್ರಹ್ಮದೇಶವು ಅಫೀಮಿನ ಬೆಳೆಯಲ್ಲಿ ಲೋಕಕ್ಕೇ ಮೊದಲನೆಯದಾಯಿತು. ಆ ಹಣವು ಸೇನೆಯ ಬಂಟರನ್ನೂ ಬಂಡುಗಾರರನ್ನೂ ಸಾಕುತ್ತದೆ. ಥಾಯ್ಲೆಂಡಿನ ಗಡಿಯ ಮ್ಯಾವಡಿಯಲ್ಲಿ ಉದ್ಯೋಗದ ಆಸೆಯಿಂದ ಹೋದ ತರುಣರನ್ನು ಕೂಡಿಹಾಕಿ ಲೋಕದ ಜನರನ್ನು ವಂಚಿಸುವ ಕೆಲಸಕ್ಕೆ ಹಚ್ಚುವ ಕೋಠಿಗಳು ಬೆಳೆದುವು. 2025ರ ಮಾರ್ಚಿಯಲ್ಲಿ 500ಕ್ಕೂ ಹೆಚ್ಚು ಭಾರತೀಯರನ್ನು ವಿಮಾನಗಳಲ್ಲಿ ಕರೆತರಬೇಕಾಯಿತು. ಇಂಥ ಜಾಲಗಳಲ್ಲಿ ಸಿಕ್ಕಿಬಿದ್ದವರಲ್ಲಿ ನಮ್ಮ ಕನ್ನಡ ನಾಡಿನ ಹುಡುಗರೂ ಇದ್ದರು. ಇವೆಲ್ಲವೂ ನಿಜ. ನಿಜವಾದುದರಿಂದಲೇ ಆ ನೆಲವನ್ನು ಹಿಡಿದವರೊಡನೆ ಮಾತು ಬೇಕು. ಮಾತಿಲ್ಲದ ಕಡೆ ಷರತ್ತು ಹಾಕುವುದೆಂತು? ಇಂಥಿಂಥ ಕೃತ್ಯಗಳನ್ನು ನಿಲ್ಲಿಸಿದರೆ ಮಾತ್ರ ನೆರವೆಂದು ಹೇಳುವುದೆಂತು?

ಬಂಡುಗಾರರೊಡನೆ ಮಾತನಾಡುವುದು ಸರಕಾರದ ಗೌರವಕ್ಕೆ ಕುಂದೆನ್ನುವವರಿಗೆ ನಾವು ಮಿಜೋರಾಮಿನ ಇತಿಹಾಸವನ್ನೇ ಉತ್ತರವಾಗಿ ಕೊಡುವೆವು. 1966ರಲ್ಲಿ ಮಿಜೋ ಜನರು ದಂಗೆಯೆದ್ದಾಗ ನಮ್ಮ ಸರಕಾರವೇ ಐಜಾಲಿನ ಮೇಲೆ ವಿಮಾನಗಳಿಂದ ದಾಳಿ ಮಾಡಿಸಿತು. ದಂಗೆಯು ಇಪ್ಪತ್ತು ವರ್ಷ ನಡೆಯಿತು. ಕೊನೆಗೆ 1986ರ ಜೂನ್ 30ರಂದು ಬಂಡಾಯದ ನಾಯಕ ಲಾಲ್‌ಡೆಂಗಾ ಅವರೊಡನೆ ಒಪ್ಪಂದವಾಯಿತು, ಅವರೇ ಮುಖ್ಯಮಂತ್ರಿಗಳಾದರು, 1987ರಲ್ಲಿ ಮಿಜೋರಾಂ ಭಾರತದ ಒಂದು ರಾಜ್ಯವಾಯಿತು. ನಿರಾಶ್ರಿತರನ್ನು ಹಿಂದಕ್ಕಟ್ಟಲಾರೆನೆಂದು 2021ರಲ್ಲಿ ದಿಲ್ಲಿಗೆ ಬರೆದ ಶ್ರೀ ಜೋರಮ್ತಂಗಾ ಅವರೂ ಅದೇ ಬಂಡಾಯದಲ್ಲಿ ಕಾಡು ಸೇರಿದ್ದವರು. ಬಾಂಬಿನಿಂದ ದೊರೆಯದ ಶಾಂತಿಯು ಮಾತಿನಿಂದ ದೊರೆಯಿತೆಂಬುದನ್ನು ಸ್ವಂತ ಅನುಭವದಿಂದ ಬಲ್ಲ ರಾಷ್ಟ್ರವು ಅದನ್ನು ನೆರೆಯವನಿಗೆ ಹೇಳದೆ ಬಾಂಬಿನವನ ಬಳಿಯೇ ನಿಲ್ಲುವುದು ಸೋಜಿಗವಲ್ಲವೇ?

ಬ್ರಹ್ಮದೇಶದ ರೋಗದ ಮೂಲವೂ ಅಲ್ಲಿಯೇ ಇದೆ. 1947ರ ಫೆಬ್ರವರಿ 12ರಂದು ಪಾಂಗ್ಲೋಂಗಿನಲ್ಲಿ ಆಂಗ್ ಸಾನ್ ಅವರು ಶಾನ್, ಕಚಿನ್, ಚಿನ್ ಜನರ ಮುಂದಾಳುಗಳಿಗೆ ಸ್ವಯಮಾಡಳಿತದ ಭರವಸೆಯನ್ನಿತ್ತರು. ಐದೇ ತಿಂಗಳಲ್ಲಿ ಅವರು ಕೊಲೆಯಾದರು. ಭರವಸೆಯು ಅವರೊಡನೆ ಮಣ್ಣಾಯಿತು. ಬೇರೆಬೇರೆ ನುಡಿಯ ಜನರು ತಮ್ಮತನವನ್ನು ಬಿಡದೆ ಒಂದು ರಾಷ್ಟ್ರದಲ್ಲಿ ಬಾಳುವುದು ಹೇಗೆಂಬುದೇ ಅಲ್ಲಿಯ ಪ್ರಶ್ನೆ. ಹಲವು ಆಡಳಿತಗಳಲ್ಲಿ ಹರಿದುಹಂಚಿಹೋಗಿದ್ದು, ದಶಕಗಳ ಹೋರಾಟದಿಂದ 1956ರಲ್ಲಿ ಒಂದು ರಾಜ್ಯದೊಳಗೆ ಕೂಡಿಬಂದ ಕನ್ನಡಿಗರಿಗೆ ಈ ಪ್ರಶ್ನೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಅನುಭವವೇ ಭಾರತವು ಬ್ರಹ್ಮದೇಶಕ್ಕೆ ಕೊಡಬಹುದಾದ ನಿಜವಾದ ನೆರವು. ಚೀನವು ಕೊಡಲಾರದ ನೆರವು.

ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆಯು ನಮ್ಮಲ್ಲಿದೆ. ಗಡಿಯಾಚೆಯ ಹಳ್ಳಿಗಳ ಜನರು ನಾಳೆ ತಮ್ಮ ದೇಶವನ್ನು ಮತ್ತೆ ಕಟ್ಟುವರು; ಕಟ್ಟಿಯೇ ಕಟ್ಟುವರು. ಬಾಂಬು ಬಿದ್ದ ದಿವಸ ಯಾರು ಅಕ್ಕಿ ಕೊಟ್ಟರು, ಯಾರು ಬಾಂಬು ಹಾಕಿದವನ ಕೈಕುಲುಕಿದರೆಂಬುದನ್ನು ಅವರು ಮರೆಯಲಾರರು. ಮಿಜೋರಾಮಿನ ಬಡ ಗೃಹಸ್ಥರು ಭಾರತದ ಮಾನವನ್ನು ಆ ಲೆಕ್ಕದ ಪುಸ್ತಕದಲ್ಲಿ ಒಂದಿಷ್ಟು ಉಳಿಸಿದ್ದಾರೆ. ಉಳಿದ ಭಾಗವನ್ನು ದಿಲ್ಲಿಯು ಬರೆಯಬೇಕಾಗಿದೆ.